ಸ್ತನ ಕ್ಯಾನ್ಸರ್ ಪತ್ತೆ: ಕೈಯ ಪರವಾಗಿ ಒಂದು ವಾದ

ಈ ದತ್ತಿ ಉಪನ್ಯಾಸ ಯಾರ ನೆನಪಿನದೋ ಅವರ ಹೆಸರು ಪುಸ್ತಿಕೆಯ ರಕ್ಷಾಪುಟದ ಮೇಲಿದೆ. ಒಳಗೆಲ್ಲ ನಾನು ಊರಿನವರಂತೆ ‘ಟೀಚರಮ್ಮ’ ಎಂದೇ ಕರೆಯುತ್ತೇನೆ, ಮನೆಯವರು ಒಪ್ಪಿದ್ದಾರೆ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರ ಹೆಸರಿನಲ್ಲಿ ಮಾತಾಡಲು ಒಬ್ಬ ಸರ್ಜನ್‌ಗೆ ಕರೆ ಬಂದದ್ದು ದೊಡ್ಡ ಗೌರವ. ಸ್ವಲ್ಪ ಅಳುಕೂ ಇದೆ, ಏಕೆಂದರೆ ಇವತ್ತು ನಾನು ಹೇಳುವುದರಲ್ಲಿ ಅರ್ಧ ಬರೀ ಲೆಕ್ಕ.

ಪೀಠಿಕೆಯನ್ನು ಬೇಗ ಮುಗಿಸುತ್ತೇನೆ, ಅದು ಆರೋಗ್ಯ ಇಲಾಖೆಯ ಕರಪತ್ರಗಳಲ್ಲೂ ಸಿಗುತ್ತದೆ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂದೇ ಹೆಂಗಸರು ತಡಮಾಡುತ್ತಾರೆ. ತೊಟ್ಟು ಒಳಗೆ ಸೆಳೆದುಕೊಂಡರೆ, ರಕ್ತ ಒಸರಿದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ, ಕಂಕುಳಲ್ಲಿ ಗೆಡ್ಡೆ ಸಿಕ್ಕರೆ ತೋರಿಸಬೇಕು. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಮಾತು ಸುಳ್ಳು. ಇಷ್ಟು ಸಾಕು.

ಒಂದು ಪದದ ಬಗ್ಗೆ ಮಾತ್ರ ನಿಲ್ಲಬೇಕು. ‘ಸ್ತನ’ ನಮ್ಮ ಪುಸ್ತಕದ ಮಾತು. ಹಳ್ಳಿಯ ಹೆಣ್ಣುಮಗಳು ‘ಎದೆ’ ಅನ್ನುತ್ತಾಳೆ, ಅದನ್ನೂ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಆಸ್ಪತ್ರೆಯಲ್ಲಿ ಒಬ್ಬ ಅಜ್ಜಿ ‘ಎದೇಲಿ ಏನೋ ಐತೆ’ ಅಂದಳು. ಚೀಟಿಯಲ್ಲಿ ಇಸಿಜಿ, ಎಕ್ಸ್‌ರೇ ಎಂದು ಬರೆದು ಕಳಿಸಿದರು. ಎರಡೂ ಸರಿಯಾಗಿದ್ದವು. ಆಕೆ ಮತ್ತೆ ಬಂದದ್ದು ನಾಲ್ಕು ತಿಂಗಳ ನಂತರ, ಹುಣ್ಣಾದ ಮೇಲೆ. ಯಾರೂ ಕೈಯಿಟ್ಟು ನೋಡಿರಲಿಲ್ಲ. ಆ ಚೀಟಿ ಬರೆದವರಲ್ಲಿ ನಾನೂ ಒಬ್ಬ.

ಈಗ ನನ್ನ ಹಳೆಯ ಜಗಳಕ್ಕೆ ಬರುತ್ತೇನೆ. ರೋಗಲಕ್ಷಣವೇ ಇಲ್ಲದವರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುವುದಾದರೆ ಯಾವುದರಿಂದ: ಮ್ಯಾಮೊಗ್ರಾಂ ಯಂತ್ರದಿಂದಲೋ, ತರಬೇತಿ ಪಡೆದ ಕೈಯಿಂದಲೋ? ವ್ಯಾನಿನಲ್ಲಿ ಯಂತ್ರ ತಂದು, ಬ್ಯಾನರ್ ಕಟ್ಟಿ, ಒಂದು ದಿನದ ಶಿಬಿರ ಮಾಡುವ ಗೆಳೆಯರು ನನ್ನನ್ನು ‘ಹಳೇ ಕಾಲದವನು’ ಎನ್ನುತ್ತಾರೆ. ಹಳೇ ಕಾಲದ ಕೆನಡಾಕ್ಕೇ ಹೋಗೋಣ.

ಅಲ್ಲಿ 1980ರಿಂದ ಆಂಥೊನಿ ಮಿಲ್ಲರ್ ಮತ್ತು ಕಾರ್ನೀಲಿಯಾ ಬೇನ್ಸ್ 40ರಿಂದ 59 ವಯಸ್ಸಿನ 89,835 ಹೆಂಗಸರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ, ಇನ್ನೊಂದಕ್ಕೆ ಇಲ್ಲ. 2014ರಲ್ಲಿ ಬಂದ 25 ವರ್ಷದ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್‌ನಿಂದ ಸತ್ತವರು ಮೊದಲ ಪಾಲಿನಲ್ಲಿ 500, ಎರಡನೆಯದರಲ್ಲಿ 505. ‘ಮ್ಯಾಮೊಗ್ರಾಂ ವ್ಯರ್ಥ’ ಎಂದು ಪತ್ರಿಕೆಗಳು ಬರೆದವು. ನಾನು ಹಾಗೆ ಓದುವುದಿಲ್ಲ. 50 ದಾಟಿದವರಲ್ಲಿ ಯಂತ್ರವಿಲ್ಲದ ಪಾಲು ಬರಿಗೈಯಲ್ಲಿ ಹೋದದ್ದಲ್ಲ. ಅವರಿಗೆ ಪ್ರತಿವರ್ಷ ತರಬೇತಾದವರು, ಹೆಚ್ಚಾಗಿ ನರ್ಸ್‌ಗಳು, ಎದೆ ಮುಟ್ಟಿ ಪರೀಕ್ಷಿಸುತ್ತಿದ್ದರು. ಅಂದರೆ ಅಲ್ಲಿ ತೂಗಿದ್ದು ಕೈ ಮತ್ತು ಯಂತ್ರ ಒಂದು ತಟ್ಟೆ, ಬರೀ ಕೈ ಇನ್ನೊಂದು ತಟ್ಟೆ. ತಕ್ಕಡಿ ಸಮವಾಗಿ ನಿಂತಿತು.

ಅಮೆರಿಕದ ರೇಡಿಯಾಲಜಿಸ್ಟ್ ಡೇನಿಯಲ್ ಕೋಪನ್ಸ್ ಇದನ್ನು ಒಪ್ಪಲೇ ಇಲ್ಲ. ಯಂತ್ರಗಳು ಕಳಪೆ ಎಂದರು. ಗಂಟು ಸಿಕ್ಕವರನ್ನು ಬೇಕೆಂದೇ ಮ್ಯಾಮೊಗ್ರಾಂ ಪಾಲಿಗೆ ದೂಡಿದ್ದಾರೆ ಎಂದರು. ಮೊದಲ ಆಕ್ಷೇಪದಲ್ಲಿ ಹುರುಳಿದೆ. ಎರಡನೆಯದು ಗುರುತರ ಆರೋಪ. 1997ರಲ್ಲಿ ದಾಖಲೆಗಳನ್ನು ತಡಕಿದ ಪರಿಶೀಲಕರಿಗೆ ಅದಕ್ಕೆ ಆಧಾರ ಸಿಗಲಿಲ್ಲ. ಆದರೂ ಈಚೆಗೆ ಅದೇ ದೂರು ಮತ್ತೆ ಎದ್ದಿದೆ. ಸ್ವೀಡನ್ನಿನ ಲಾಸ್ಲೊ ಟಬಾರ್ ಅವರ ಅಧ್ಯಯನ ಯಂತ್ರದ ಪರ ಇದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿ ಹೋಲಿಸಿದ್ದು ಯಂತ್ರವನ್ನು ಏನೂ ಇಲ್ಲದುದರ ಜೊತೆ. ಕೈಯನ್ನು ಆ ಅಂಗಳಕ್ಕೆ ಇಳಿಸಲೇ ಇಲ್ಲ.

ನಮ್ಮ ದೇಶದ ಉತ್ತರ ಮುಂಬೈಯಿಂದ ಬಂತು. ಟಾಟಾ ಮೆಮೋರಿಯಲ್‌ನ ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 1998ರಲ್ಲಿ ಶುರುಮಾಡಿ, 35ರಿಂದ 64ರ 1,51,538 ಹೆಂಗಸರ ಲೆಕ್ಕ ಇಟ್ಟರು. ಒಂದು ಪಾಲಿಗೆ ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಪರೀಕ್ಷೆ ಮಾಡಿದರು. ಫಲಿತಾಂಶ 2021ರಲ್ಲಿ ಬಂತು. ಕ್ಯಾನ್ಸರ್ ಬಂದವರ ಪೈಕಿ ಮೂರು, ನಾಲ್ಕನೇ ಹಂತಕ್ಕೆ ಮುಟ್ಟಿದವರು ಪರೀಕ್ಷೆಯಾದವರಲ್ಲಿ ಶೇ. 37, ಆಗದವರಲ್ಲಿ ಶೇ. 47. ಸ್ತನ ಕ್ಯಾನ್ಸರ್ ಸಾವು ಒಟ್ಟಾರೆ ಶೇ. 15 ಕಡಿಮೆ, ಆದರೆ ಇದು ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರ ಹೇಳಲಾರದು. 50 ದಾಟಿದವರಲ್ಲಿ ಸುಮಾರು ಶೇ. 30 ಕಡಿಮೆ.

ಟೀಚರಮ್ಮನವರ ಕ್ಲಾಸಿನಲ್ಲಿ ‘ಶೇಕಡಾ ಹೇಳಬೇಡ, ಯಾವುದರಲ್ಲಿ ಎಷ್ಟು ಹೇಳು’ ಎಂಬ ಗದರಿಕೆ ಇತ್ತಂತೆ. ಹೇಳುತ್ತೇನೆ. 50 ದಾಟಿದ ಒಂದು ಲಕ್ಷ ಹೆಂಗಸರಲ್ಲಿ ವರ್ಷಕ್ಕೆ 34.68 ಸಾವು ಇದ್ದದ್ದು 24.62 ಆಯಿತು. ಲಕ್ಷಕ್ಕೆ ಹತ್ತು. ಶೇ. 30 ಎಂದರೂ ಅದೇ, ಲಕ್ಷಕ್ಕೆ ಹತ್ತು ಎಂದರೂ ಅದೇ. ಶಿಬಿರದ ಬ್ಯಾನರ್ ಮೇಲೆ ಮಾತ್ರ ಮೊದಲನೆಯದೇ ಏರುತ್ತದೆ.

ವಿರೋಧಿಗಳ ಬಲವಾದ ಬಾಣವನ್ನು ನಾನೇ ಎತ್ತಿಕೊಡುತ್ತೇನೆ. ಆ ಐವತ್ತರ ಗೆರೆಯನ್ನು ಎಳೆದದ್ದು ಫಲಿತಾಂಶ ಕೈಗೆ ಬಂದ ಮೇಲೆ. ಬಾಣ ಬಿಟ್ಟ ಮೇಲೆ ಗುರಿ ಬರೆದಂತೆ ಎನ್ನುತ್ತಾರೆ, ಅರ್ಧ ಒಪ್ಪುತ್ತೇನೆ. 50ರೊಳಗಿನವರಲ್ಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ ಎಂಬುದನ್ನು ಪೂರ್ತಿ ಒಪ್ಪುತ್ತೇನೆ, ಸಂಕಟದಿಂದ, ಏಕೆಂದರೆ ನನ್ನ ವಾರ್ಡು ತುಂಬಿದ್ದು ಅವರಿಂದಲೇ. ಆದರೆ ಅಲ್ಲಿ ಯಂತ್ರದ ಪಾಡೂ ಅಷ್ಟಕ್ಕಷ್ಟೇ. ಕಿರಿಯರ ಎದೆಯ ದಟ್ಟ ಅಂಗಾಂಶ ಚಿತ್ರದಲ್ಲಿ ಬಿಳಿ, ಗಂಟೂ ಬಿಳಿ. ಮಡಿಕೇರಿಯ ಮಂಜಿನಲ್ಲಿ ಬಿಳಿ ಹಸು ಹುಡುಕಿದ ಹಾಗೆ.

2016ರ ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಕೈಪರೀಕ್ಷೆಯನ್ನೇ ಆರಿಸಿತು: 30ರಿಂದ 65ರವರಿಗೆ ಐದು ವರ್ಷಕ್ಕೊಮ್ಮೆ. ಕಾಗದದಲ್ಲಿ ನಾನು ಗೆದ್ದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಪರೀಕ್ಷೆಯಾದವರು ಶೇ. 0.9. ನೂರಕ್ಕೆ ಒಬ್ಬರೂ ಇಲ್ಲ.

ಕೈಗೆ ಕಲಿಸುವುದು ಕಷ್ಟವಲ್ಲ. ಆಶಾ ಕಾರ್ಯಕರ್ತೆಯರ ತರಬೇತಿಗೆ ನಾನು ಚಪಾತಿ ಹಿಟ್ಟು ಕಲಸಿಕೊಂಡು ಹೋಗುತ್ತೇನೆ. ಉಂಡೆಯೊಳಗೆ ಒಂದು ಕಡಲೆಕಾಳು. ತುದಿಬೆರಳಲ್ಲ, ನಡುವಿನ ಮೂರು ಬೆರಳುಗಳ ಮೆತ್ತೆ. ಪುಟ್ಟ ಪುಟ್ಟ ಸುತ್ತು, ಮೊದಲು ಮೇಲೆ ಮೇಲೆ, ಆಮೇಲೆ ನಡುಮಟ್ಟಕ್ಕೆ, ಕೊನೆಗೆ ಪಕ್ಕೆಲುಬು ತಾಕುವ ಹಾಗೆ ಒತ್ತಬೇಕು. ಕೊರಳೆಲುಬಿನಿಂದ ಕಂಕುಳವರೆಗೆ ಒಂದಿಂಚೂ ಬಿಡಬಾರದು. ಹೋದ ಸಲ ಒಬ್ಬಾಕೆ ‘ಸಾರ್, ಎರಡು ಕಾಳು’ ಅಂದಳು. ನಾನಿಟ್ಟದ್ದು ಒಂದೇ. ಉಂಡೆ ಮುರಿದೆವು, ಎರಡನೆಯದು ನಾನು ಸರಿಯಾಗಿ ಕಲಸದೆ ಬಿಟ್ಟ ಒಣಹಿಟ್ಟಿನ ಗಂಟು.

ಆ ಗಂಟಿನ ಬೆಲೆ ಶಾಂಘೈ ತೋರಿಸಿದೆ. ತಮ್ಮ ಎದೆ ತಾವೇ ನೋಡಿಕೊಳ್ಳುವುದನ್ನು ಅಲ್ಲಿ ಜವಳಿ ಗಿರಣಿಗಳ ಹೆಂಗಸರಿಗೆ ಕಲಿಸಿದರು. 2002ರ ಲೆಕ್ಕದಲ್ಲಿ ಕಲಿತವರಲ್ಲಿ 135 ಸಾವು, ಕಲಿಯದವರಲ್ಲಿ 131. ನಿರುಪದ್ರವಿ ಗಂಟುಗಳು ಮಾತ್ರ ಕಲಿತವರಲ್ಲಿ 2,761, ಕಲಿಯದವರಲ್ಲಿ 1,505. ಕೈಗೆ ಸಿಕ್ಕದ್ದೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಸಿಕ್ಕಿದ್ದನ್ನೆಲ್ಲ ಮುರಿದು ನೋಡಲೇಬೇಕು. ಮುಂಬೈಯಲ್ಲಿ ಗಂಟು ಸಿಕ್ಕವರ ಹಿಂದೆ ಟಾಟಾ ಆಸ್ಪತ್ರೆ ನಿಂತಿತ್ತು. ನಮ್ಮ ಆಶಾ ಕಾರ್ಯಕರ್ತೆ ಚೀಟಿ ಬರೆದುಕೊಟ್ಟರೆ ಆ ಹೆಣ್ಣುಮಗಳು ಬಸ್ಸು ಹತ್ತಿ ಎಲ್ಲಿಗೆ ಹೋಗಬೇಕು? ಸೂಜಿ ಪರೀಕ್ಷೆ ಯಾವ ವಾರ, ಎಷ್ಟನೇ ನಂಬರ್ ಕೊಠಡಿ ಎಂದು ಆ ಚೀಟಿಯಲ್ಲೇ ಅಚ್ಚಾಗಿರಬೇಕು. ತಾಲ್ಲೂಕು ಆರೋಗ್ಯಾಧಿಕಾರಿಗಳು ಎರಡನೇ ಸಾಲಿನಲ್ಲಿ ಕೂತಿದ್ದಾರೆಂದು ಸಂಘಟಕರು ಹೇಳಿದರು. ಕಾಫಿಗೆ ಮುಂಚೆ ಅವರನ್ನು ಹಿಡಿಯುತ್ತೇನೆ. ಚೀಟಿಯ ಮಾದರಿ ಜೇಬಿನಲ್ಲಿದೆ.