ವಿಶ್ರಾಂತಿಯ ಅಳತೆ

ಕೊಬ್ಬರಿ ತೂಗುವ ಮುನ್ನ ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು ನೋಡಬೇಕೆಂಬುದನ್ನು ಅರಸೀಕೆರೆ ಸೀಮೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಬರಿದಾದ ತಟ್ಟೆಯಲ್ಲೇ ಮುಳ್ಳು ವಾಲಿದ್ದರೆ ಮುಂದಿನ ತೂಕವೆಲ್ಲ ಸುಳ್ಳು. ಮೋಟಾರಿನ ಎಂಜಿನಿಗೂ ಇಂಥದೊಂದು ಮುಳ್ಳುಂಟು. ಇಂದಿನ ನನ್ನ ಮಾತು ಅದನ್ನು ಕುರಿತದ್ದು.

೨೦೦೦ನೆಯ ಇಸವಿಯ ಆಸುಪಾಸಿನಲ್ಲಿ, ಹೊಗೆಯ ಮೇಲಿನ ಕಟ್ಟುಪಾಡು ಬಿಗಿಯಾದಂತೆ, ನಮ್ಮ ದೇಶದ ಪೆಟ್ರೋಲು ಕಾರುಗಳು ಕಾರ್ಬ್ಯುರೇಟರನ್ನು ತೊರೆದು ಇಂಜೆಕ್ಷನ್ ಪದ್ಧತಿಗೆ ತಿರುಗಿದವು. ಮಾರುತಿ ೮೦೦ ಕೂಡ ಆ ದಾರಿಯನ್ನೇ ಹಿಡಿಯಿತು. ಅಂಥ ಕಾರುಗಳು ನಗರದಲ್ಲಿ ಒಂದು ಆಯುಷ್ಯ ಕಳೆದು, ಕಣಕಟ್ಟೆಯಂಥ ಹೋಬಳಿಯ ಊರುಗಳಲ್ಲಿ ಎರಡನೆಯ ಆಯುಷ್ಯವನ್ನು ಬಾಳುತ್ತವೆ. ಹಳೆಯ ಮೆಕ್ಯಾನಿಕನಿಗೆ ಕಿವಿಯೇ ಅಳತೆಗೋಲು. ಸ್ಕ್ರೂ ತಿರುಗಿಸಿ ಎಂಜಿನಿನ ದನಿಯನ್ನು ಹದಕ್ಕೆ ತರುತ್ತಿದ್ದ. ಹೊಸ ಪದ್ಧತಿಯಲ್ಲಿ ಪೆಟ್ರೋಲಿನ ಪ್ರಮಾಣವನ್ನು ನಿಶ್ಚಯಿಸುವುದು ಒಂದು ಪುಟ್ಟ ಕಂಪ್ಯೂಟರು. ಚಾಲಕನ ಕಾಲು ಆಕ್ಸಿಲರೇಟರಿನ ಮೇಲಿದೆಯೇ ಇಲ್ಲವೇ ಎಂಬುದನ್ನು ಥ್ರಾಟಲಿನ ಸೆನ್ಸರು ಅದಕ್ಕೆ ವೋಲ್ಟಿನ ಭಾಷೆಯಲ್ಲಿ ತಿಳಿಸಬೇಕು.

ಈ ಸೆನ್ಸರು ರೇಡಿಯೋದ ಸದ್ದನ್ನು ಏರಿಸಿ ಇಳಿಸುವ ತಿರುಗಣಿಯ ಒಡಹುಟ್ಟು. ಇದಕ್ಕೆ ೫ ವೋಲ್ಟು ಕೊಟ್ಟರೆ, ಥ್ರಾಟಲು ಮುಚ್ಚಿದಾಗ ಸಾಮಾನ್ಯವಾಗಿ ಅರ್ಧ ವೋಲ್ಟಿನಷ್ಟು, ಪೂರ್ತಿ ತೆರೆದಾಗ ನಾಲ್ಕೂವರೆಯಷ್ಟು ಮರಳಿಸುತ್ತದೆ. ಮುಚ್ಚಿದಾಗ ಸೊನ್ನೆಯೇ ಏಕಿರಬಾರದು? ತಂತಿ ತುಂಡಾದರೂ ಸೊನ್ನೆಯೇ ತಾನೆ! ವಿಶ್ರಾಂತಿಗೂ ಮರಣಕ್ಕೂ ಇರುವ ಅಂತರವನ್ನು ಯಂತ್ರವು ಆ ಅರ್ಧ ವೋಲ್ಟಿನಿಂದ ಅರಿಯುತ್ತದೆ.

ಈ ಅಂಕಿ ಏರಿದ್ದರೆ, ಕಾಲು ತೆಗೆದಿದ್ದರೂ ಒತ್ತಿದೆಯೆಂದೇ ಕಂಪ್ಯೂಟರು ಭ್ರಮಿಸುತ್ತದೆ. ಐಡ್ಲಿಂಗ್ ಏರಿಳಿಯುತ್ತದೆ, ಇಳಿಜಾರಿನಲ್ಲಿ ನಿಲ್ಲಬೇಕಾದ ಪೆಟ್ರೋಲು ನಿಲ್ಲದು.

ತಿದ್ದುವ ಕೆಲಸ ದೊಡ್ಡದಲ್ಲ. ಎಂಜಿನು ಆರಿರಬೇಕು, ಇಗ್ನಿಷನ್ ಕೀಲಿ ತಿರುಗಿರಬೇಕು. ಸಿಗ್ನಲ್ ತಂತಿಗೂ ನೆಲತಂತಿಗೂ ಮಲ್ಟಿಮೀಟರಿನ ಕಡ್ಡಿಗಳನ್ನು ತಾಗಿಸಿ, ಸೆನ್ಸರಿನ ಎರಡು ಸ್ಕ್ರೂಗಳನ್ನು ಸಡಿಲಿಸಿ, ಆ ಎಂಜಿನಿನ ಕೈಪಿಡಿ ಹೇಳುವ ಅಂಕಿ ಬರುವವರೆಗೆ ಕೂದಲೆಳೆಯಷ್ಟು ತಿರುಗಿಸಬೇಕು. ಬಿಗಿಯುವಾಗ ಅಂಕಿ ಮತ್ತೆ ಜಾರುವುದುಂಟು. ಆದ್ದರಿಂದ ಬಿಗಿದ ಮೇಲೂ ನೋಡತಕ್ಕದ್ದು. ಬಳಿಕ ಥ್ರಾಟಲನ್ನು ಮೆಲ್ಲನೆ ತೆರೆದರೆ ಅಂಕಿ ಒಂದೇ ಸಮನೆ ಏರಬೇಕು. ನಡುವೆ ಕುಪ್ಪಳಿಸಿದರೆ ಒಳಗಿನ ಪಟ್ಟಿ ಸವೆದಿದೆಯೆಂದರ್ಥ. ಆಗ ಸೆನ್ಸರನ್ನು ಬದಲಿಸದೆ ಗತ್ಯಂತರವಿಲ್ಲ. ಕೆಲವು ಎಂಜಿನುಗಳಲ್ಲಿ ಸೆನ್ಸರನ್ನು ತಿರುಗಿಸಲು ಆಸ್ಪದವೇ ಇರುವುದಿಲ್ಲ.

ಆದರೆ ಥ್ರಾಟಲಿನ ತಡೆಸ್ಕ್ರೂವನ್ನು ಮಾತ್ರ ಮುಟ್ಟಲಾಗದು. ಕಾರ್ಬ್ಯುರೇಟರಿನ ಕಾಲದ ಕೈ ಮೊದಲು ಹೋಗುವುದು ಅಲ್ಲಿಗೇ. ಕಾರ್ಖಾನೆಯಲ್ಲಿ ನೆಲೆಗೊಳಿಸಿದ ಆ ಸ್ಕ್ರೂವನ್ನು ತಿರುಗಿಸಿದರೆ ದನಿ ಒಂದು ದಿನ ಸರಿಯಾದೀತು. ವಿಶ್ರಾಂತಿಯ ಗುರುತೇ ಅಳಿಸಿಹೋಗುತ್ತದೆ.

ನಗರದವರಿಗೆ ಇದು ಸಣ್ಣ ಸಂಗತಿ. ಅಲ್ಲಿ ಇನ್ನೊಂದು ವಾಹನ ದೊರೆಯುತ್ತದೆ. ನಡುರಾತ್ರಿ ಬಾಣಂತಿಯನ್ನು ಅರಸೀಕೆರೆಗೆ ಒಯ್ಯಬೇಕಾದ ಮನೆಗೆ ಅಂಗಳದ ಹಳೆಯ ಕಾರೊಂದೇ ಗತಿ. ದಾರಿಯಲ್ಲಿ ಅದು ಆರದಿರಬೇಕಾದರೆ, ಓಡುವುದಕ್ಕೆ ಮೊದಲು ಸುಮ್ಮನಿರುವುದನ್ನು ಅದು ಸರಿಯಾಗಿ ಬಲ್ಲದಾಗಿರಬೇಕು.