ಮನೆಯಲ್ಲಿ ಜೆಲ್ ಮೇಣದಬತ್ತಿ ತಯಾರಿಕೆ: ವಹಿಸಬೇಕಾದ ಎಚ್ಚರಿಕೆಗಳು

(ಮೈಸೂರಿನಲ್ಲಿ ರೈತ ಮಹಿಳೆಯರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಜೇನು ಸಾಕುವ ಮನೆಗಳಲ್ಲಿ ಮೇಣ ಕರಗಿಸುವ ಕೆಲಸ ಹೊಸದೇನೂ ಅಲ್ಲ. ತುಪ್ಪ ತೆಗೆದ ಮೇಲೆ ಉಳಿದ ಹಳೆಯ ಎರಿಗಳನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ನಂತರ ಮೇಲೆ ಗಟ್ಟಿಯಾಗಿ ನಿಂತ ಮೇಣದ ಬಿಲ್ಲೆಯನ್ನು ಎತ್ತಿಡುವುದು ರೂಢಿ. ಜೇನುಮೇಣ 62ರಿಂದ 64 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕರಗುತ್ತದೆ. ಅಂಗಡಿಯಲ್ಲಿ ಸಿಗುವ ಪ್ಯಾರಾಫಿನ್ ಮೇಣವೂ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿ ಕರಗುವಂಥದು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಮೇಣದ ಪಾತ್ರೆಯನ್ನು ಇಟ್ಟರೆ ಸಾಕು. ನೀರು ಇರುವವರೆಗೆ ಮೇಣ ಮಿತಿಮೀರಿ ಕಾಯಲಾರದು. ಹೀಗೆ ನೀರೇ ಕಾವಲುಗಾರನಂತೆ ನಿಂತಿರುತ್ತದೆ.

ಈ ಅನುಭವವುಳ್ಳವರು ದೀಪಾವಳಿಯ ಮಾರಾಟಕ್ಕೆಂದು ಜೆಲ್ ಮೇಣದಬತ್ತಿಯ ಕೆಲಸಕ್ಕೆ ಕೈಹಾಕಿದಾಗ, ಅದನ್ನೂ ಇದೇ ರೀತಿ ಮಾಡಬಹುದೆಂದು ಭಾವಿಸುವುದು ಸಹಜ. ಅಪಾಯ ಶುರುವಾಗುವುದು ಅಲ್ಲಿಂದಲೇ.

ಜೆಲ್ ಎಂಬುದು ಮೇಣವೇ ಅಲ್ಲ. ನೂರು ಭಾಗದಲ್ಲಿ ತೊಂಬತ್ತಕ್ಕೂ ಹೆಚ್ಚು ಭಾಗ ಖನಿಜ ತೈಲ, ಅಂದರೆ ಔಷಧದ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂದು ಕರೆಯುವ ಬಣ್ಣವಿಲ್ಲದ ಎಣ್ಣೆ. ಉಳಿದ ಸ್ವಲ್ಪ ಭಾಗ ರಬ್ಬರಿನ ಜಾತಿಗೆ ಸೇರಿದ ಪಾಲಿಮರ್ ರಾಳ. ಈ ರಾಳವು ಬಲೆಯಂತೆ ಹರಡಿಕೊಂಡು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಮುದ್ದೆಯಾಗಿ ನಿಲ್ಲುತ್ತದೆ. ನೋಡುವುದಕ್ಕೆ ತಿಳಿನೀರಿನಂತೆ, ಮುಟ್ಟಿದರೆ ಮಕ್ಕಳು ತಿನ್ನುವ ಜೆಲ್ಲಿಯಂತೆ. ನೀರಿನಂತೆ ಕಾಣುವ ವಸ್ತುವಿನ ಬಗ್ಗೆ ಕೈಗೆ ಭಯವಿರುವುದಿಲ್ಲ. ಬಾಣಲೆಯಲ್ಲಿ ಬೋಂಡಾ ಕರಿಯುವಾಗ ಮಗುವನ್ನು ದೂರ ಕಳುಹಿಸುವ ತಾಯಿಯೇ, ಜೆಲ್ ಕಾಯಿಸುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದುಂಟು. ವಾಸ್ತವವಾಗಿ ಎರಡೂ ಪಾತ್ರೆಗಳಲ್ಲಿ ಇರುವುದು ಕಾದ ಎಣ್ಣೆಯೇ.

ಇನ್ನು ಉಷ್ಣತೆಯ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಜೆಲ್ಲಿನಲ್ಲಿ ಮೃದು, ಮಧ್ಯಮ, ಗಟ್ಟಿ ಎಂಬ ಬಗೆಗಳಿವೆ. ಸಾಮಾನ್ಯವಾಗಿ ಅಚ್ಚಿಗೆ ಸುರಿಯುವಷ್ಟು ತೆಳ್ಳಗಾಗಲು 93ರಿಂದ 107 ಡಿಗ್ರಿವರೆಗಿನ ಶಾಖ ಬೇಕು. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಆದರೆ ಮೈಸೂರು ನಗರ ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರ್ ಎತ್ತರಕ್ಕೆ ನೀರಿನ ಕುದಿಬಿಂದು ಸರಿಸುಮಾರು ಒಂದು ಡಿಗ್ರಿ ಇಳಿಯುವುದರಿಂದ, ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒಳಪಾತ್ರೆಯಲ್ಲಿರುವ ಜೆಲ್ಲಿಗೆ ತಲುಪುವ ಶಾಖ ಅದಕ್ಕಿಂತಲೂ ಕಡಿಮೆ. ಹೀಗಾಗಿ ನೀರಿನ ಪಾತ್ರೆಯಲ್ಲಿಟ್ಟ ಜೆಲ್ ಗಂಟೆಗಟ್ಟಲೆ ಕಾದರೂ ಗಂಟುಗಂಟಾಗಿ, ಅಂಟಂಟಾಗಿ ಉಳಿಯುತ್ತದೆ. ತಾಳ್ಮೆ ಕೆಟ್ಟು, ಪಾತ್ರೆಯನ್ನು ನೀರಿನಿಂದ ಎತ್ತಿ ನೇರವಾಗಿ ಗ್ಯಾಸ್ ಒಲೆಯ ಉರಿಯ ಮೇಲೆ ಇಡುತ್ತಾರೆ. ಆ ಗಳಿಗೆಯಿಂದ ಕಾವಲುಗಾರನಿಲ್ಲ.

ಎಣ್ಣೆಯ ಇನ್ನೊಂದು ಗುಣವನ್ನೂ ಇಲ್ಲಿ ನೆನೆಯಬೇಕು. ಒಂದೇ ತೂಕದ ನೀರು ಮತ್ತು ಎಣ್ಣೆಯನ್ನು ಒಂದೇ ಉರಿಯ ಮೇಲಿಟ್ಟರೆ, ಎಣ್ಣೆ ಸುಮಾರು ಎರಡರಷ್ಟು ಬೇಗ ಕಾಯುತ್ತದೆ. ಅಲ್ಲದೆ ನೀರು ಕುದಿಬಿಂದುವಿನಲ್ಲಿ ನಿಲ್ಲುತ್ತದೆ, ಎಣ್ಣೆ ನಿಲ್ಲುವುದಿಲ್ಲ. ಜೆಲ್ ಮಂದವಾದ ವಸ್ತುವಾದ್ದರಿಂದ ತಳದಲ್ಲಿರುವುದು ಹೊಗೆಯಾಡುವಷ್ಟು ಕಾದಿದ್ದರೂ ಮೇಲೆ ಇನ್ನೂ ಗಟ್ಟಿ ತುಂಡುಗಳು ತೇಲುತ್ತಿರುತ್ತವೆ. ಮೇಲಿನ ತುಂಡುಗಳನ್ನು ನೋಡಿ ಉರಿ ಹೆಚ್ಚಿಸುವುದು ಎಲ್ಲರೂ ಮಾಡುವ ತಪ್ಪು. ಖನಿಜ ತೈಲದ ಜ್ವಲನಾಂಕ, ಅಂದರೆ ಅದರ ಆವಿಯು ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಉಷ್ಣತೆ, ಬಗೆಯನ್ನನುಸರಿಸಿ ಸಾಮಾನ್ಯವಾಗಿ 170 ಡಿಗ್ರಿಯಿಂದ ಮೇಲಿರುತ್ತದೆ. ದೊಡ್ಡ ಉರಿಯ ಮೇಲೆ ಬಿಟ್ಟು ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಂತರೆ ಪಾತ್ರೆಯ ತಳ ಆ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಆದ್ದರಿಂದ ಜೆಲ್ ಕೆಲಸಕ್ಕೆ ಥರ್ಮಾಮೀಟರ್ ಬೇಕೇ ಬೇಕು. ಅಚ್ಚು, ಬಣ್ಣ, ಪರಿಮಳ ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಅದು. ಜ್ವರ ನೋಡುವ ಥರ್ಮಾಮೀಟರ್ ಸುಮಾರು 42 ಡಿಗ್ರಿಯವರೆಗೆ ಮಾತ್ರ ತೋರಿಸುವುದು; ಅದನ್ನು ಜೆಲ್ಲಿನಲ್ಲಿ ಅದ್ದಿದರೆ ಒಡೆಯುತ್ತದೆ. ಸಕ್ಕರೆ ಪಾಕದ ಹದ ನೋಡಲು ಮಿಠಾಯಿ ಮಾಡುವವರು ಬಳಸುವಂಥದು, ಅಥವಾ 200 ಡಿಗ್ರಿವರೆಗೆ ತೋರಿಸುವ ಯಾವುದೇ ಅಡುಗೆ ಥರ್ಮಾಮೀಟರ್ ಆಗಬಹುದು. ಅದರ ತುದಿ ತಳಕ್ಕೆ ತಾಗದಂತೆ, ಜೆಲ್ಲಿನ ನಡುಮಟ್ಟದಲ್ಲಿ ಇರಬೇಕು. ಇಂಡಕ್ಷನ್ ಒಲೆಯ ಮೇಲೆ ಮೂಡುವ ಅಂಕಿಯನ್ನು ನಂಬಬಾರದು. ಅದು ಗಾಜಿನ ಹಲಗೆಯ ಅಡಿಯ ಶಾಖವೇ ಹೊರತು ಜೆಲ್ಲಿನದಲ್ಲ. ಆದರೂ ತೆರೆದ ಉರಿ ಇಲ್ಲದ ಕಾರಣ ಗ್ಯಾಸ್ ಒಲೆಗಿಂತ ಇಂಡಕ್ಷನ್ ಅಥವಾ ವಿದ್ಯುತ್ ಒಲೆಯೇ ಮೇಲು. ಸೌದೆ ಒಲೆಯಲ್ಲಿ ಈ ಕೆಲಸ ಮಾಡಲೇಬಾರದು.

ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ, ಅರ್ಧಕ್ಕಿಂತ ಹೆಚ್ಚು ತುಂಬದೆ, ಜೆಲ್ಲನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹಾಕಿ, ಸಣ್ಣ ಶಾಖದಲ್ಲಿ ನಿಧಾನವಾಗಿ ಕೈಯಾಡಿಸುತ್ತಿರಬೇಕು. ಉಷ್ಣತೆ 110 ಡಿಗ್ರಿ ತೋರಿಸಿದ ಕೂಡಲೇ ಒಲೆ ಆರಿಸಬೇಕು. ಹೊಗೆ ಕಂಡರೆ ಅಂಕಿ ಎಷ್ಟೇ ಇರಲಿ, ಆರಿಸಬೇಕು. ಮಾರಿದವರು ಕೊಟ್ಟ ಸೂಚನಾ ಪತ್ರದಲ್ಲಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಕೆಲಸಕ್ಕೆ ಕೂತವರು ಮಧ್ಯೆ ಏಳಬಾರದು. ಏಳಲೇಬೇಕಾದರೆ ಒಲೆ ಆರಿಸಿ ಏಳಬೇಕು. ನೈಲಾನ್ ಸೀರೆ ಉಡದೆ ಹತ್ತಿಯ ಬಟ್ಟೆ ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ಕಟ್ಟಿಕೊಂಡಿರಬೇಕು.

ಇಷ್ಟಾದರೂ ಬೆಂಕಿ ಹತ್ತಿದರೆ? ಪಾತ್ರೆಗೆ ನೀರು ಹಾಕಬಾರದು. ಒಗ್ಗರಣೆಗೆ ಒಂದು ಹನಿ ನೀರು ಬಿದ್ದರೆ ಹೇಗೆ ಸಿಡಿಯುತ್ತದೆಂದು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು, ಕ್ಷಣದಲ್ಲಿ ಆವಿಯಾಗಿ, ಗಾತ್ರದಲ್ಲಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎತ್ತಿ ಎಸೆಯುತ್ತದೆ. ಪಾತ್ರೆಗೆ ಸರಿಹೊಂದುವ ಲೋಹದ ತಟ್ಟೆಯನ್ನು ಮೊದಲೇ ಪಕ್ಕದಲ್ಲಿ ಇಟ್ಟುಕೊಂಡಿದ್ದು, ಅದನ್ನು ಬದಿಯಿಂದ ಜಾರಿಸಿ ಮುಚ್ಚಬೇಕು. ಒಲೆ ಆರಿಸಬೇಕು. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬಾರದು, ಪಾತ್ರೆಯನ್ನು ಎತ್ತಿಕೊಂಡು ಹೊರಗೆ ಓಡಬಾರದು. ಒಂದು ಬಕೆಟ್ ಒಣ ಮರಳು ಹತ್ತಿರವಿದ್ದರೆ ನೆಲಕ್ಕೆ ಚೆಲ್ಲಿದ ಬೆಂಕಿಗೆ ಒದಗುತ್ತದೆ. ಗಾಬರಿಯಲ್ಲಿ ಹಿಟ್ಟನ್ನು ಎರಚಬಾರದು. ಹಿಟ್ಟೂ ಉರಿಯುವ ವಸ್ತುವೇ.

ಕಾದ ಜೆಲ್ ಮೈಮೇಲೆ ಬಿದ್ದರೆ ನೀರಿನಂತೆ ಹರಿದು ಹೋಗದೆ ಅಂಟಿಕೊಂಡು ಸುಡುತ್ತದೆ. ಅದನ್ನು ಕಿತ್ತರೆ ಚರ್ಮವೂ ಬರಬಹುದು. ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಬೇಕು. ದೋಸೆ ಹಿಟ್ಟು, ಶಾಯಿ, ಹಲ್ಲುಜ್ಜುವ ಪೇಸ್ಟು, ಕೊಬ್ಬರಿ ಎಣ್ಣೆ ಇವುಗಳನ್ನು ಹಚ್ಚುವ ಅಭ್ಯಾಸವನ್ನು ಬಿಡಬೇಕು. ಸ್ವಚ್ಛವಾದ ತೆಳು ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಪರಿಮಳದ ವಿಷಯದಲ್ಲಿ ಮೈಸೂರಿನವರಿಗೆ ವಿಶೇಷ ಮೋಹ. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಕಟ್ಟಿದ ಊರು ಇದು. ದೇವರಾಜ ಮಾರುಕಟ್ಟೆಯಲ್ಲಿ ಸಾಲುಸಾಲಾಗಿ ಸುಗಂಧ ತೈಲದ ಪುಟ್ಟ ಸೀಸೆಗಳನ್ನು ಕಾಣಬಹುದು. ಅಗರಬತ್ತಿಗೆ, ಮೈಗೆ ಒಗ್ಗುವ ತೈಲವೆಲ್ಲ ಜೆಲ್ಲಿಗೆ ಒಗ್ಗುವುದಿಲ್ಲ. ನೀಲಗಿರಿ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ ಇವುಗಳ ಜ್ವಲನಾಂಕ 50 ಡಿಗ್ರಿಯ ಸಮೀಪ. 100 ಡಿಗ್ರಿ ಕಾದ ಜೆಲ್ಲಿಗೆ ಇವನ್ನು ಸುರಿದರೆ ಏಳುವ ಆವಿ ಪಕ್ಕದ ಉರಿಗೆ ತಗುಲಿ ಹೊತ್ತಿಕೊಳ್ಳಬಲ್ಲದು. ಮದ್ಯಸಾರ ಬೆರೆತ ಸಿಂಪಡಿಸುವ ಸೆಂಟುಗಳಂತೂ ಇನ್ನೂ ಅಪಾಯಕರ. ಮದ್ಯಸಾರದ ಜ್ವಲನಾಂಕ ಕೋಣೆಯ ಉಷ್ಣತೆಗಿಂತ ಕಡಿಮೆ. 77 ಡಿಗ್ರಿಗಿಂತ ಹೆಚ್ಚಿನ ಜ್ವಲನಾಂಕವುಳ್ಳ, ಜೆಲ್ಲಿಗೆಂದೇ ಮಾರುವ ಪರಿಮಳವನ್ನು ಕೇಳಿ ಪಡೆಯಬೇಕು. ಸೀಸೆಯ ಮೇಲೆ ಏನೂ ಬರೆದಿಲ್ಲದಿದ್ದರೆ, ಮಾರುವವರಿಗೂ ಹೇಳಲು ತಿಳಿಯದಿದ್ದರೆ, ಪರಿಮಳವಿಲ್ಲದ ಮೇಣದಬತ್ತಿಯನ್ನೇ ಮಾಡುವುದು ಒಳ್ಳೆಯದು.

ಜ್ವಲನಾಂಕ ಸರಿಯಿದ್ದರೂ ತೈಲ ಜೆಲ್ಲಿನಲ್ಲಿ ಬೆರೆಯಬೇಕು. ಒಂದು ಭಾಗ ಪರಿಮಳಕ್ಕೆ ಮೂರು ಭಾಗ ಲಿಕ್ವಿಡ್ ಪ್ಯಾರಾಫಿನ್ ಸೇರಿಸಿ ಗಾಜಿನ ಸೀಸೆಯಲ್ಲಿ ಕುಲುಕಿ ಇಟ್ಟು ನೋಡಬೇಕು. ಮಬ್ಬಾದರೆ ಅಥವಾ ಎರಡು ಪದರವಾಗಿ ಬೇರ್ಪಟ್ಟರೆ ಅದು ಬೇಡ. ಬೆರೆಯದ ತೈಲ ಜೆಲ್ಲಿನೊಳಗೆ ಹನಿಹನಿಯಾಗಿ ಕೂತು, ಉರಿಯುವ ಬತ್ತಿ ಅಲ್ಲಿಗೆ ತಲುಪಿದಾಗ ಭಗ್ಗನೆ ಏಳುತ್ತದೆ. ಒಲೆ ಆರಿಸಿದ ಮೇಲೆಯೇ ಪರಿಮಳ ಬೆರೆಸಬೇಕು. 100 ಗ್ರಾಂ ಜೆಲ್ಲಿಗೆ 3 ಗ್ರಾಂ ಮೀರಬಾರದು.

ಈವರೆಗೆ ಹೇಳಿದ್ದು ತಯಾರಿಸುವವರ ಮನೆಯ ಮಾತು. ಸರಕು ಕೈಬಿಟ್ಟ ಮೇಲೆ ಅಪಾಯ ಕೊಂಡವರ ಮನೆಗೆ ಹೋಗುತ್ತದೆ. 1990ರ ದಶಕದ ಕೊನೆಯಿಂದ ಅಮೆರಿಕದಲ್ಲಿ ಜೆಲ್ ಮೇಣದಬತ್ತಿ ಬಹಳ ಜನಪ್ರಿಯವಾದಾಗ, ಎತ್ತರದ ಜ್ವಾಲೆ ಏಳುತ್ತಿದ್ದುದರಿಂದ ಹಾಗೂ ಗಾಜು ಸೀಳುತ್ತಿದ್ದುದರಿಂದ ಹಲವು ತಯಾರಿಕೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಅವು ಯಂತ್ರಗಳಿದ್ದ ಕಾರ್ಖಾನೆಗಳ ಸರಕು ಎಂಬುದನ್ನು ಗಮನಿಸಬೇಕು.

ಪಾತ್ರೆಯ ಆಯ್ಕೆ ಹೀಗಿರಲಿ. ದಪ್ಪ ಗಾಜು, ಶಾಖ ತಡೆಯುವಂಥದು, ಬಾಯಿ ಕನಿಷ್ಠ 6 ಸೆಂಟಿಮೀಟರ್ ಅಗಲ. ಟೀ ಕುಡಿಯುವ ತೆಳು ಲೋಟ, ಕುತ್ತಿಗೆ ಸಣ್ಣಗಿರುವ ಸೀಸೆ ಬೇಡ. ನಮ್ಮ ಕಡೆ ತೆಂಗಿನ ಚಿಪ್ಪಿನಲ್ಲಿ ಮಾಡಿದರೆ ಚೆನ್ನಾಗಿ ಮಾರಾಟವಾಗುವುದೆಂಬ ಆಸೆ ಇದೆ. ಚಿಪ್ಪು ಒಳ್ಳೆಯ ಉರುವಲು ಎಂಬುದನ್ನು ಮರೆಯಬಾರದು. ಮಣ್ಣಿನ ಹಣತೆ ಎಳ್ಳೆಣ್ಣೆಗೆ ಸರಿ. ಮೆರುಗು ಕೊಡದ ಮಣ್ಣಿನಲ್ಲಿ ಜೆಲ್ಲಿನ ಎಣ್ಣೆ ಗಂಟೆಗಳ ಕಾಲ ಒಸರಿ ಹೊರಮೈಗೆ ಬರುತ್ತದೆ, ಆಗ ಹಣತೆಯೇ ಬತ್ತಿಯಾಗುತ್ತದೆ.

ಜೆಲ್ಲಿನೊಳಗೆ ಅಲಂಕಾರಕ್ಕೆ ಗಾಜಿನ ಗೋಲಿ, ಚೆನ್ನಾಗಿ ಒಣಗಿಸಿದ ಕಪ್ಪೆಚಿಪ್ಪು, ಕಲ್ಲು ಇವುಗಳಿಗೆ ಮಾತ್ರ ಅವಕಾಶ. ಒಣ ಹೂವು, ಕಾಫಿ ಬೀಜ, ಚನ್ನಪಟ್ಟಣದ ಪುಟ್ಟ ಮರದ ಗೊಂಬೆ ಇವೆಲ್ಲ ಎಣ್ಣೆ ಹೀರಿ ಎರಡನೆಯ ಬತ್ತಿಯಂತೆ ಉರಿಯುತ್ತವೆ. ಮೈಸೂರು ಮಲ್ಲಿಗೆಯ ಹಸಿ ಮೊಗ್ಗು ಹಾಕಿದರೆ ಅದರಲ್ಲಿನ ನೀರು ಸಿಡಿಯುತ್ತದೆ. ಗೋಲಿ, ಕಲ್ಲುಗಳೂ ಬತ್ತಿಯಿಂದ ಒಂದೂವರೆ ಸೆಂಟಿಮೀಟರ್ ದೂರವಿರಲಿ.

ದೇವರ ದೀಪದ ಹತ್ತಿ ಬತ್ತಿ ಜೆಲ್ಲಿನಲ್ಲಿ ನೆಟ್ಟಗೆ ನಿಲ್ಲದು; ಬಾಗಿ ಗಾಜಿಗೆ ಜ್ವಾಲೆ ತಾಗಿಸುತ್ತದೆ. ಸತುವಿನ ತಂತಿಯ ನಡುವುಳ್ಳ ಬತ್ತಿಯನ್ನು, ಒಂದು ಸೆಂಟಿಮೀಟರಿಗಿಂತ ಎತ್ತರದ ಕುತ್ತಿಗೆಯುಳ್ಳ ಲೋಹದ ಬಿಲ್ಲೆಗೆ ಸಿಕ್ಕಿಸಿ ತಳಕ್ಕೆ ಅಂಟಿಸಬೇಕು. ಹಾಗೆ ಮಾಡಿದರೆ ತಳದಲ್ಲಿ ಒಂದು ಸೆಂಟಿಮೀಟರ್ ಜೆಲ್ ಉಳಿದಿರುವಾಗಲೇ ಜ್ವಾಲೆ ತಾನಾಗಿ ಆರುತ್ತದೆ, ತಳದ ಗಾಜು ಕಾದು ಸೀಳುವುದಿಲ್ಲ. ಅಷ್ಟು ಜೆಲ್ ದಂಡವಾಯಿತೆಂದು ಕೊಳ್ಳುವವರು ದೂರಿದರೆ ಕಾರಣ ತಿಳಿಸಬೇಕು.

ಮೈಸೂರಿನ ಮನೆಗಳಲ್ಲಿ ದಸರಾ ಎಂದರೆ ಗೊಂಬೆ ಕೂರಿಸುವ ಹಬ್ಬ. ಮೆಟ್ಟಿಲುಗಳಿಗೆ ಹಾಸಿದ ಬಟ್ಟೆ, ಜರಿ ಕಾಗದ, ಮರದ ಪಟ್ಟದ ಗೊಂಬೆ, ಒಣ ಪೈರು, ಅದರ ನಡುವೆ ಕೆರೆಯಂತೆ ಕಾಣಲೆಂದು ನೀಲಿ ಜೆಲ್ ಮೇಣದಬತ್ತಿ ಇಡುವ ಆಲೋಚನೆ ಯಾರಿಗಾದರೂ ಬಂದೀತು. ಈ ಊರಿನ ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆಯೇ ಸುಟ್ಟುಹೋಯಿತು. ಗೊಂಬೆಯ ಮೆಟ್ಟಿಲ ಮೇಲೆ ಉರಿಯುವ ಯಾವ ಬತ್ತಿಯೂ ಬೇಡ. ಉರಿಸುವುದಿದ್ದರೆ ಗಾಳಿ ಬೀಸದ, ಪರದೆ ತಾಗದ, ಮಕ್ಕಳ ಕೈಗೆಟುಕದ ಕಡೆ ಲೋಹದ ತಟ್ಟೆಯ ಮೇಲಿಟ್ಟು, ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಿ, ಒಂದು ಸಲಕ್ಕೆ ಎರಡು ಮೂರು ಗಂಟೆ ಮಾತ್ರ ಉರಿಸಬೇಕು. ಮಗು ಜೆಲ್ಲಿಯೆಂದು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೇಡು ಹೆಚ್ಚು. ನೇರ ವೈದ್ಯರ ಬಳಿ ಒಯ್ಯಬೇಕು.

ಜೆಲ್ ಕಾಯಿಸಿದ ಪಾತ್ರೆ, ಸೌಟುಗಳನ್ನು ಅಡುಗೆಗೆ ಮತ್ತೆ ಬಳಸಬಾರದು. ಉಳಿದ ಜೆಲ್ಲನ್ನು ಬಚ್ಚಲಿಗೆ ಸುರಿಯದೆ, ಆರಿದ ಮೇಲೆ ಹಳೆಯ ಕಾಗದದಿಂದ ಒರೆಸಿ ತೆಗೆಯಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ಸಂಘಗಳಿಗೆ ಈ ಕಸುಬನ್ನು ಕಲಿಸುವಾಗ ಮೊದಲ ದಿನ ಪ್ಯಾರಾಫಿನ್ ಅಥವಾ ಜೇನುಮೇಣದಿಂದಲೇ ಆರಂಭಿಸಿ, ಥರ್ಮಾಮೀಟರ್ ಓದುವುದು ಎಲ್ಲರ ಕೈಗೂ ಬಂದ ಮೇಲೆ ಜೆಲ್ಲಿಗೆ ಹೋಗುವುದು ಸೂಕ್ತ. ಪ್ರತಿ ಸಲ ಮಾಡಿದ ಸರಕಿನಲ್ಲಿ ಒಂದನ್ನು ಮಾರಾಟಕ್ಕೆ ಕೊಡದೆ, ಪಕ್ಕದಲ್ಲಿ ಕೂತು ಕೊನೆಯವರೆಗೆ ಉರಿಸಿ ನೋಡಬೇಕು. ಜ್ವಾಲೆ 7 ಸೆಂಟಿಮೀಟರ್ ಮೀರಿ ಎದ್ದರೆ, ಮಸಿ ಕಾರಿದರೆ, ಗಾಜಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡರೆ, ಆ ಸಲದ ಸರಕನ್ನೆಲ್ಲ ಪೆಟ್ಟಿಗೆಯಿಂದ ಹೊರತೆಗೆದು, ಬತ್ತಿ ಕಿತ್ತು, ಜೆಲ್ಲನ್ನು ಮತ್ತೆ ಕರಗಿಸುವ ಪಾತ್ರೆಗೆ ಹಾಕಬೇಕು.