ಸ್ವಂತ ಸೂರಿಲ್ಲದವನಿಗೆ ಯಾವ ಸಹಾಯಧನ?

(ದುದ್ದದಲ್ಲಿ ಸೇರಿದ್ದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಜಿಲ್ಲೆಗೂ ವಿದ್ಯುತ್ತಿಗೂ ಇರುವ ನಂಟು ಹಳೆಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿತು. ಹುಟ್ಟಿದ್ದು ಇಲ್ಲಿ, ಹೋದದ್ದು ಇಂಗ್ಲಿಷ್ ಕಂಪನಿಗಳ ಕೈಯಲ್ಲಿದ್ದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೂ ದೀಪ ಬಂತು. ನಮ್ಮ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಹಾಕಿದವು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ನಮ್ಮನ್ನು ಕಂಡೇ ಹುಟ್ಟಿತೇನೋ!

ಈಗ ಸೂರ್ಯನ ಬೆಳಕಿನಿಂದ ವಿದ್ಯುತ್ತು ಮಾಡುವ ಕಾಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿಎಂ ಸೂರ್ಯ ಘರ್ ಯೋಜನೆಯನ್ನು ಸಾರಿತು. ಛಾವಣಿಯ ಮೇಲೆ 1 ಕಿಲೋವಾಟ್ ಹಾಕಿಸಿದರೆ 30,000 ರೂಪಾಯಿ, 2 ಕಿಲೋವಾಟಿಗೆ 60,000, 3 ಅಥವಾ ಹೆಚ್ಚಿಗೆ 78,000 ಸಹಾಯಧನ. ಯೋಜನೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸ್ವಂತ ತಾರಸಿ ಇದ್ದವರು ಅರ್ಜಿ ಹಾಕಿಕೊಳ್ಳಿ. ಆದರೆ ಈ ಹಣ ಯಾರ ಮನೆ ಸೇರುತ್ತದೆ? ಇದೇ ನನ್ನ ಪ್ರಶ್ನೆ.

ಮೊದಲನೆಯದಾಗಿ, ಸಹಾಯಧನ ಬರುವುದು ಎಲ್ಲವನ್ನೂ ಕೂರಿಸಿ, ತಪಾಸಣೆ ಮುಗಿದ ಮೇಲೆ. ಅಲ್ಲಿಯವರೆಗಿನ ಖರ್ಚು ನಮ್ಮದು. ಬ್ಯಾಂಕು ಸಾಲ ಕೊಡುತ್ತದೆ, ನಿಜ. ಆದರೆ ಈ ತಿಂಗಳ ಕೂಲಿ ಈ ತಿಂಗಳಿಗೇ ಸಾಲದವನು ಯಾವ ಧೈರ್ಯದಿಂದ ಕಂತು ಒಪ್ಪಿಕೊಳ್ಳಬೇಕು?

ಎರಡನೆಯದಾಗಿ, ಛಾವಣಿ ಬೇಕು. ವಠಾರದ ಬಾಡಿಗೆದಾರನಿಗೆ ಅದು ಎಲ್ಲಿದೆ? ನಗರದ ದೊಡ್ಡ ವಸತಿ ಸಂಘಗಳಿಗೆ ಇದೇ ಯೋಜನೆಯಲ್ಲಿ ಕಿಲೋವಾಟಿಗೆ 18,000 ರೂಪಾಯಿ ಉಂಟು. ಕಾರು ಚಾರ್ಜು ಮಾಡುವುದಕ್ಕೂ ಅದು ಸಲ್ಲುತ್ತದೆ. ಕಾರಿಗೆ ಸಿಕ್ಕುವ ಸಹಾಯ ಕೂಲಿಕಾರನ ಕೋಣೆಗೆ ಸಿಕ್ಕುವುದಿಲ್ಲ.

ಮೂರನೆಯದು ಅಂಗಡಿಯವರ ಮಾತು. ಸೂರ್ಯ ಘರ್ ಮನೆಗಳಿಗೆ ಮಾತ್ರ. 2023ರಲ್ಲಿ ರಾಜ್ಯ ಸರ್ಕಾರ ತಂದ ಗೃಹಜ್ಯೋತಿಯೂ ಮನೆಗಳಿಗೆ ಮಾತ್ರ. ಒಂದು ಫ್ಯಾನು, ಎರಡು ದೀಪ ಇಟ್ಟುಕೊಂಡ ದರ್ಜಿಯ ಅಂಗಡಿಗೆ ವಾಣಿಜ್ಯ ದರವೇ ಗತಿ.

ಹಾಗಾದರೆ ಬೇರೆ ದಾರಿ ಇಲ್ಲವೇ? ಇದೆ. 2015ರಲ್ಲಿ ಹೊಸ ಬೆಳಕು ಯೋಜನೆಯಲ್ಲಿ ಎಲ್‌ಇಡಿ ಬಲ್ಬು ಹಂಚಿದರು. ಸಗಟಿನಲ್ಲಿ ಕೊಂಡದ್ದರಿಂದ ಬೆಲೆ ಇಳಿಯಿತು. ಬಲ್ಬು ಹಾಕಿಕೊಳ್ಳಲು ಸ್ವಂತ ತಾರಸಿ ಬೇಕಾಗಲಿಲ್ಲ. ಇದೇ ನೀತಿ ಫ್ಯಾನಿಗೆ ಏಕಾಗಬಾರದು? ಲೆಕ್ಕ ಹಾಕಿ ನೋಡೋಣ. ಹಳೆಯ ಫ್ಯಾನು 75 ವಾಟ್; ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟ್. 11 ಯೂನಿಟ್ ಸಾಕು. ಒಂದೇ ಫ್ಯಾನಿನಲ್ಲಿ 16 ಯೂನಿಟ್ ಉಳಿಯಿತು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ತೆರಬೇಕಾದ ಸಂಸಾರಕ್ಕೆ ಈ 16 ಸಣ್ಣ ಸಂಖ್ಯೆಯಲ್ಲ. ಅಂಗಡಿಯವನಿಗಂತೂ ಪ್ರತಿ ಯೂನಿಟ್ಟೂ ಕೈಯಿಂದ ಹೋಗುವ ಕಾಸು.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಬಡವರ ಪಾಲಿಗೆ ಸಹಾಯಧನ ಮೊದಲೇ ಸಲ್ಲಲಿ. ಉಳಿದ ಹಣವನ್ನು ಸಹಕಾರ ಸಂಘಗಳು ಸುಲಭ ಕಂತಿನಲ್ಲಿ ಒದಗಿಸಲಿ. ಶಾಲೆ, ಪಂಚಾಯಿತಿ ಕಟ್ಟಡಗಳ ತಾರಸಿಯಲ್ಲಿ ಬೆಳೆದ ವಿದ್ಯುತ್ತಿನ ಪಾಲು ಸೂರಿಲ್ಲದವರ ಬಿಲ್ಲಿಗೆ ಜಮೆಯಾಗಲಿ. ಕಡಿಮೆ ವಿದ್ಯುತ್ತಿನ ಫ್ಯಾನುಗಳನ್ನು ಸರ್ಕಾರ ಸಗಟಿನಲ್ಲಿ ಕೊಂಡು, ಸಣ್ಣ ಅಂಗಡಿಗಳನ್ನೂ ಸೇರಿಸಿ, ಕಂತಿನ ಮೇಲೆ ಹಂಚಲಿ.

ಇದು ಭಿಕ್ಷೆಯಲ್ಲ. ಸಹಾಯಧನದ ಹಣ ಬರುವುದು ತೆರಿಗೆಯಿಂದ. ನಾವು ಕೊಳ್ಳುವ ಸೋಪಿನಲ್ಲಿ, ಚಪ್ಪಲಿಯಲ್ಲಿ ಆ ತೆರಿಗೆ ಇದೆ. ಕೊಡುವಾಗ ಎಲ್ಲರ ಕೈ, ಪಡೆಯುವಾಗ ತಾರಸಿ ಇದ್ದವನ ಕೈ ಮಾತ್ರ ಎಂದರೆ ನ್ಯಾಯವೇ? ಚೆಸ್ಕಾಂ ಕಚೇರಿಗೆ ಕೊಡುವ ಮನವಿ ಇಲ್ಲಿದೆ. ಮನೆಯವರೂ ಅಂಗಡಿಯವರೂ ತಮ್ಮ ತಮ್ಮ ಬಿಲ್ಲು ತನ್ನಿ, ರುಜು ಹಾಕಿ. 1902ರಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ. ಈ ಸಲ ಕೇಳದೆ ಹೋಗಲು ನಾವು ಬಿಡಬಾರದು.